ಈಶಪ್ಪನ ಹೊರಸು, ಬೆಳ್ಳಿಯ ಒದ್ದೆ ಬಾಲ

ಗೋಗಿಯಲ್ಲಿ ಕೌದಿ ಹೊಲಿಸಬೇಕೆಂದರೆ ಜನ ಕಸ್ತೂರಿಯ ಮನೆಗೇ ಹೋಗುತ್ತಾರೆ. ಆದರೆ ಹಳೆ ಸೀರೆ, ಧೋತರಗಳ ಗಂಟು ಹಿಡಿದು ಆ ಹೊಸ್ತಿಲು ದಾಟುವಾಗ ತುಸು ಅಂಜಿಕೊಂಡೇ ದಾಟುತ್ತಾರೆ. ಆಕೆ ಗಂಟು ಬಿಚ್ಚಿ ಒಂದೊಂದು ಬಟ್ಟೆಯನ್ನೂ ಬೆಳಕಿಗೆ ಹಿಡಿಯುತ್ತಾಳೆ, ಮೂಸುತ್ತಾಳೆ. “ಇದು ಸತ್ತವರ ಸೀರಿ ಅಲ್ಲ ಹೌದಿಲ್ಲೋ?” ಎಂದು ಕೇಳುತ್ತಾಳೆ. ಅಲ್ಲವೆಂದು ಆಣೆ ಮಾಡಿದರೂ ಇನ್ನೊಮ್ಮೆ ಮೂಸುತ್ತಾಳೆ. ಹಾಲಿನವನ ಕ್ಯಾನಿಗೆ ಬೆರಳು ಅದ್ದಿ ನೋಡುತ್ತಾಳೆ. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ತನ್ನ ಸೆರಗು ಸರಿ ಇದೆಯೋ ಇಲ್ಲವೋ ಎಂದು ತಡವಿಕೊಳ್ಳುತ್ತಾಳೆ. ಗಂಡ ಬದುಕಿದ್ದಾಗ, “ನೆರಳು ಹಿಂದ ಬರಾಕತ್ತದೋ ಇಲ್ಲೋ ಅಂತ ತಿರುಗಿ ನೋಡಾಕಿ ನೀನು” ಎಂದು ನಗುತ್ತಿದ್ದ. ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ: ಕಸ್ತೂರಿ, ಮತ್ತೆ ಅವನ ತಂದೆ ಈಶಪ್ಪ.

ಮೂರನೆಯದಾಗಿ ಬಂದವಳು ಬೆಳ್ಳಿ. ದೇವಾಪುರದ ಕುರಿಗಾರ ಭೀಮಾಶಂಕರ ಕೊಟ್ಟ ಹೆಣ್ಣು ನಾಯಿಮರಿ, ಮೈಯೆಲ್ಲ ಬಿಳಿ, ಒಂದು ಕಿವಿ ಮಾತ್ರ ಕಂದು. ಈಶಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಾಗ ಕಸ್ತೂರಿ ಮರಿಯ ಹಲ್ಲು ನೋಡಿದಳು, ಕಣ್ಣು ನೋಡಿದಳು. ಸುಮ್ಮನೆ ಯಾರಾದರೂ ನಾಯಿ ಕೊಡುತ್ತಾರೆಯೇ ಎಂದು ವಾರವೆಲ್ಲ ಯೋಚಿಸಿದಳು. ಆದರೆ ಮರಿ ಜಾಣೆ. ಉಚ್ಚೆ ಬಂದರೆ ಹೊರಗೆ ಓಡಿ, ಬೇವಿನ ಗಿಡದ ಬುಡಕ್ಕೆ ಕೂತು ಮಾಡಿ ಬರುತ್ತಿತ್ತು. ಬಂದು ಕೂತರೆ ತನ್ನ ಹಿಂದಿನ ಭಾಗವನ್ನು ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತಿತ್ತು. ಕಸ್ತೂರಿ ತನ್ನ ಜೀವಮಾನದಲ್ಲಿ ನಂಬಿದ ಕೆಲವೇ ಪ್ರಾಣಿಗಳಲ್ಲಿ ಇದೂ ಒಂದಾಯಿತು.

ಒಂದು ದಿನ ಪಕ್ಕದ ಮನೆಯ ನುಜ್ಹತ ಮೊಮ್ಮಗುವಿಗೆಂದು ಹೊಲಿಸಿದ್ದ ಪುಟ್ಟ ಕೌದಿಯನ್ನು ತಿರುಗಿ ತಂದಳು.

“ಕಸ್ತೂರಕ್ಕ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕೌದಿ ಸ್ವಲ್ಪ ನಾರಾಕತ್ತದ.”

“ನಿಮ್ಮ ಮನ್ಯಾಗ ಕೂಸದ. ಕೂಸಿದ್ದಲ್ಲಿ ನಾತ ಇರೂದ.”

“ತೌಬಾ! ಕೂಸಿಗೆ ಇನ್ನೂ ಮುಟ್ಟಿಸೇ ಇಲ್ರಿ. ಗಂಟು ಬಿಚ್ಚಿದ್ದ ಇವತ್ತು. ನಮ್ಮ ಮನಿಯವರಂತೂ ನಗಾಕತ್ತಾರ, ಹೆಸರಿಗಿ ಕಸ್ತೂರಿ, ಕೌದಿಗಿ ಬ್ಯಾರೇನೇ ಅತ್ತರ ಹಚ್ಯಾಳ ಅಂತ.”

ಕಸ್ತೂರಿಯ ಮುಖ ಬಿಗಿಯಿತು. ನುಜ್ಹತಳ ಮನೆಯ ಬೆಕ್ಕಿನ ಮೇಲೆ ಆಕೆಗೆ ಮೊದಲಿಂದಲೂ ಒಂದು ಕಣ್ಣಿತ್ತು. ಆದರೆ ಅದಕ್ಕೂ ಮುಂಚೆ ಬಂದ ಅನುಮಾನ ಹೋಳಿಗೆಯ ಮೇಲೆ. ಕೌದಿಯ ಕಡೆಯ ಮೂಲೆ ಮುಚ್ಚುವ ಮುನ್ನ ಒಳಗೆ ಹೋಳಿಗೆಯ ಚೂರೊಂದನ್ನು ಇಟ್ಟು ಹೊಲಿಯುವುದು ಆಕೆಯ ತಾಯಿ ಕಲಿಸಿದ ಪದ್ಧತಿ. ಕೌದಿಯ ಹೊಟ್ಟೆ ಖಾಲಿ ಇರಬಾರದು, ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ತಾಯಿ ಹೇಳುತ್ತಿದ್ದಳು. ತುಪ್ಪ ಹೆಚ್ಚಾಗಿ ಚೂರು ಕೊಳೆತಿರಬೇಕೆಂದು ಕಸ್ತೂರಿ ನುಜ್ಹತಳ ಎದುರಿಗೇ ಮೂಲೆಯ ಹೊಲಿಗೆ ಬಿಚ್ಚಿದಳು. ಒಳಗಿನ ಚೂರು ಒಣಗಿ ಚಕ್ಕೆಯಾಗಿತ್ತು. ಇನ್ನೂ ಬೆಲ್ಲದ ವಾಸನೆ ಬರುತ್ತಿತ್ತು. ನಾತ ಮೂಲೆಯಲ್ಲಿರಲಿಲ್ಲ, ನಡುವಿನಲ್ಲಿತ್ತು. ಮೇಲಿನ ಸೀರೆ ಒಣಗಿದ್ದರೂ ಒಳಪದರದ ಧೋತರಕ್ಕೆ ಹಳದಿ ಕಲೆ ಕೂತಿತ್ತು.

ಆಗ ಕಸ್ತೂರಿ ಮೆಲ್ಲಗೆ ತಿರುಗಿ ಮಾವನ ಹೊರಸನ್ನು ನೋಡಿದಳು.

ಹೊಲಿದು ಮುಗಿಸಿದ ಕೌದಿಯ ಸುಕ್ಕು ಕೂರಬೇಕೆಂದು ಅದನ್ನು ಈಶಪ್ಪನ ಹೊರಸಿನ ಹಗ್ಗದ ಮೇಲೆ ಹಾಸಿ, ಮೇಲೊಂದು ಚಾದರ ಹಾಕುತ್ತಿದ್ದಳು. ಮುದುಕ ಒಂದೆರಡು ದಿನ ಅದರ ಮೇಲೆ ಹೊರಳಾಡಿದರೆ ಇಸ್ತ್ರಿಯೇ ಬೇಕಿರಲಿಲ್ಲ. ಈ ಗುಟ್ಟನ್ನು ಆಕೆ ಯಾರಿಗೂ ಹೇಳಿರಲಿಲ್ಲ.

ನುಜ್ಹತ ಹೋದ ಮೇಲೆ ಕಸ್ತೂರಿ ನೇರವಾಗಿ ಕೇಳಿದಳು. “ಮಾವಾರ, ನಿಮಗ ತಡೀಲಾರದಂಗ ಆಗ್ಯದೇನ್ರಿ?”

“ಏನು ತಡೀಲಾರದಂಗ?”

“ಉಚ್ಚಿ.”

ಈಶಪ್ಪ ಎದ್ದು ಕೂತ. “ಥೂ! ನನ್ನ ಧೋತರ ಮುಟ್ಟಿ ನೋಡು. ಕೂಸಂತ ತಿಳ್ಕೊಂಡಿಯೇನು ನನ್ನ?”

“ಹಂಗಾರ ಯಾರು? ಬೆಳ್ಳಿ ಗಿಡದ ಬುಡಕ ಹೋಗಿ ಬರ್ತಾಳ, ನಾನ ಕಣ್ಣಾರೆ ನೋಡೇನಿ. ಮನ್ಯಾಗ ಇನ್ಯಾರು ಅದಾರ?”

“ನೀ ಇದ್ದಿ!”

ಈ ಮಾತು ಕಸ್ತೂರಿಗೆ ಚುರುಕ್ ಎಂದಿತು. ಅಮಾವಾಸ್ಯೆ ಕಳೆದ ಮೇಲೆ ಹೊರಸನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ಹಾಕುವುದೆಂದು ಅಲ್ಲೇ ಹೇಳಿಬಿಟ್ಟಳು. ಗೋಗಿಯ ಬಿಸಿಲಿಗೆ ಆ ಶೆಡ್ಡಿನೊಳಗೆ ಕೋಳಿಯೂ ಕೂರುತ್ತಿರಲಿಲ್ಲ. ಈಶಪ್ಪ ಅಂದಿನಿಂದ ನೀರಿನ ಚೊಂಬು ಮುಟ್ಟುವುದನ್ನೇ ಬಿಟ್ಟ. ರೊಟ್ಟಿಯನ್ನೂ ಒಣಗಂಟಲಲ್ಲೇ ನುಂಗಿದ. ತುಟಿ ಒಡೆದವು. ಕಸ್ತೂರಿಗೆ ಅದೂ ಅನುಮಾನವೇ: ತಪ್ಪು ಮಾಡದವನು ನೀರಿಗೇಕೆ ಅಂಜುತ್ತಾನೆ?

ಕೊನೆಗೊಂದು ಮುಂಜಾನೆ ಮುದುಕ ಸಿಟ್ಟಿನಿಂದ ಚೀಲ ಹೆಗಲಿಗೇರಿಸಿಕೊಂಡು ಸುರಪುರದ ತಂಗಿಯ ಮನೆಗೆ ಹೊರಟುಹೋದ. ಹೊರಸು ಖಾಲಿಯಾಯಿತು. ಮಧ್ಯಾಹ್ನ ಬೆಳ್ಳಿ ಎಂದಿನಂತೆ ಅದರ ಮೇಲೇರಿ ಸುರುಳಿಯಾಗಿ ಮಲಗಿತು. ಸಂಜೆ ಕಸ್ತೂರಿ ಚಾದರ ಕೊಡವಲು ಹೋದರೆ ಕೈಗೆ ತಂಪು ತಗುಲಿತು. ರೊಟ್ಟಿಯಷ್ಟಗಲದ ಒದ್ದೆ, ದುಂಡಗೆ.

ಮಾವ ಸುರಪುರದಲ್ಲಿ, ಒದ್ದೆ ಗೋಗಿಯಲ್ಲಿ.

ಮರುದಿನ ಕೌದಿ ಹೊಲಿಯುವಂತೆ ನಟಿಸುತ್ತ ಕಣ್ಣನ್ನು ನಾಯಿಯ ಮೇಲೆಯೇ ಇಟ್ಟಳು. ಬೆಳ್ಳಿ ಹೊರಗೆ ಹೋಯಿತು, ಗಿಡದ ಬುಡಕ್ಕೆ ಕೂತು ಚೆನ್ನಾಗಿಯೇ ಉಚ್ಚೆ ಹೊಯ್ದು ಬಂತು, ಮಲಗಿತು. ನಿದ್ದೆ ಹತ್ತಿದ ಮೇಲೆ ಬಾಲದ ಕೆಳಗಿಂದ ಹನಿಹನಿಯಾಗಿ ಇಳಿಯತೊಡಗಿತು. ನಾಯಿಗೆ ಎಚ್ಚರವೇ ಇಲ್ಲ. ಇಷ್ಟು ದಿನ ತನ್ನ ಕಣ್ಣಿಗೆ ಮಣ್ಣೆರಚಿದ್ದಾಳೆಂದು ಕಸ್ತೂರಿಗೆ ರೇಗಿತು. “ಏ ಕಳ್ಳಿ, ಹೊರಗ ಒಂದು ನಾಟಕ, ಒಳಗ ಒಂದು ನಾಟಕೇನು?” ಎಂದು ಅದನ್ನು ಎಳೆದೊಯ್ದು ತಗಡಿನ ಶೆಡ್ಡಿನಲ್ಲಿ ಕಟ್ಟಿದಳು. ಮಾವನಿಗೆ ಫೋನ್ ಮಾಡಿ, “ಬರ್ರಿ. ನಿಮ್ಮದಲ್ಲ ಅಂತ ಗೊತ್ತಾಗ್ಯದ” ಎಂದಷ್ಟೇ ಹೇಳಿದಳು.

ಈಶಪ್ಪ ಬಂದವನೇ ಶೆಡ್ಡಿನ ಬಾಗಿಲು ತೆರೆದ. ಬೆಳ್ಳಿ ನಾಲಿಗೆ ಚಾಚಿ ಏದುತ್ತಿತ್ತು. ಅದನ್ನು ಎತ್ತಿಕೊಂಡು ಒಳಗೆ ಬಂದು ಸೊಸೆಯ ಮುಂದೆ ನಿಂತ.

“ಗೊತ್ತಿಲ್ಲದ ಮಾಡಿದ್ದಕ್ಕ ಇಕಿ ಶೆಡ್ಡಿಗಿ ಹೋಗಬೇಕಂದ್ರ, ನನ್ನ ಹೊರಸೂ ಅಲ್ಲೇ ಹಾಕವ್ವ. ಇವತ್ತಲ್ಲ ನಾಳಿ ನನಗೂ ಗೊತ್ತಾಗದಂಗ ಆಗೂದ.”

ಸಂಜೆ ಕಸ್ತೂರಿ ನುಜ್ಹತಳ ಗಂಡ ಮನ್ಸೂರಅಲಿಯನ್ನು ಕರೆದು, ಬೆಳಿಗ್ಗೆ ಶಹಾಪುರಕ್ಕೆ ಹೋಗುವಾಗ ಆಟೋದಲ್ಲಿ ಜಾಗ ಇಡಲು ಹೇಳಿದಳು.

“ನಾಯಿಗಿ ಸೀಟಿನ ಮ್ಯಾಲ ಏನರೆ ಹಾಸ್ರಿ ಅಕ್ಕಾ, ಇಲ್ಲಂದ್ರ ನನ್ನ ಆಟೋಕೂ ನಿಮ್ಮ ಅತ್ತರ ಬೀಳ್ತದ” ಎಂದ ಮನ್ಸೂರಅಲಿ.

ಶಹಾಪುರದ ಪಶು ದವಾಖಾನೆಯಲ್ಲಿ ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು ಒಳಹೊಕ್ಕರೆ, ಅಲ್ಲಿದ್ದವಳು ಉಮಾಶ್ರೀ ಎಂಬ ಚಿಕ್ಕ ಪ್ರಾಯದ ಡಾಕ್ಟರು. ಇಷ್ಟು ಸಣ್ಣವಳಿಗೆ ಏನು ಗೊತ್ತಿರುತ್ತದೆ ಎಂದು ಕಸ್ತೂರಿ ಬಾಗಿಲ ಬಳಿಯೇ ನಿಂತಳು. ಡಾಕ್ಟರು ಬೆಳ್ಳಿಯ ಹಿಂಗಾಲಿನ ಸಂದಿ ಅಗಲಿಸಿ ತೋರಿಸಿದಳು. ಕೂದಲು ಉದುರಿ, ತೊಗಲು ಕೆಂಪಗೆ ಸುಟ್ಟಂತಾಗಿತ್ತು.

“ಬಾಳ ಸ್ವಚ್ಛ ನಾಯಿ ಅದರಿ, ಯಾವಾಗ್ಲೂ ನೆಕ್ಕೋತಿರ್ತದ” ಎಂದ ಈಶಪ್ಪ.

“ಸ್ವಚ್ಛಕ್ಕಲ್ಲಜ್ಜಾ, ಉಚ್ಚಿ ತಾಗಿ ತಾಗಿ ಉರೀತದಂತ ನೆಕ್ಕೋತದ. ಇದು ಮೊನ್ನೆ ಮೊನ್ನೆ ಶುರುವಾತೋ, ಹುಟ್ಟಿದಾಗಿಂದ ಅದನೋ?”

ಯಾರಿಗೂ ಗೊತ್ತಿರಲಿಲ್ಲ. ಕಸ್ತೂರಿ ಅಲ್ಲಿಂದಲೇ ಕುರಿಗಾರನಿಗೆ ಫೋನ್ ಹಚ್ಚಿದಳು. “ಭೀಮಾಶಂಕರಾ, ಕೆಟ್ಟ ಮರಿ ಅಂತ ಗೊತ್ತಿದ್ದ ನಮ್ಮ ತಲಿಗೆ ಕಟ್ಟಿದ್ಯೇನು?”

“ಏ ಯಕ್ಕಾ, ಕೆಟ್ಟದ್ದೇನು ಬಂತು? ಎಲ್ಲಾ ಮರಿಗಳ ಮೈ ಒಣಗಿರ್ತಿತ್ತು, ಅದರ ಬಾಲ ಒಂದು ಯಾವಾಗ್ಲೂ ಒದ್ದಿ ಇರ್ತಿತ್ತು. ತಾಯಿ ಹೆಚ್ಚು ನೆಕ್ತಾಳೇನೋ ಅನ್ಕೊಂಡಿದ್ವಿ.”

ಬೈಯಲೆಂದು ಮಾಡಿದ ಆ ಫೋನೇ ಡಾಕ್ಟರಿಗೆ ಬೇಕಾದ ಉತ್ತರ ತಂದಿತು. ಆಕೆ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ಹೇಳಿದಳು: “ನೋಡ್ರಮ್ಮ, ಎರಡು ಕಿಡ್ನಿಯಿಂದ ಎರಡು ನಳಗಿ ಬಂದು ಉಚ್ಚಿ ಚೀಲಕ್ಕ ಸೇರಬೇಕು. ಕೆಲವು ಮರಿಗಳಿಗೆ ಹುಟ್ಟುವಾಗಲೇ ಒಂದು ನಳಗಿ ಚೀಲ ಬಿಟ್ಟು ಅದರ ಕೆಳಗ ಹೋಗಿ ಕೂಡಿರ್ತದ. ಹೆಣ್ಣು ಮರಿಗಳೊಳಗ ಹೆಚ್ಚು. ಒಂದು ಕಿಡ್ನಿಯ ನೀರು ಚೀಲದಾಗ ನಿಂತು, ನಾಯಿ ತಾನಾಗೇ ಹೊರಗ ಹೋಗಿ ಮಾಡ್ತದ. ಇನ್ನೊಂದರದು ನಿಲ್ಲಾಕ ಜಾಗಾನ ಇಲ್ಲ, ಸೋರ್ತದ. ಇದಕ್ಕೂ ಹಂಗೇ ಆಗಿರಬೇಕು ಅನಸ್ತದ. ಖಾತ್ರಿ ಮಾಡ್ಕೋಬೇಕು.”

ಹೊರಗೊಂದು, ಒಳಗೊಂದು. ಕಸ್ತೂರಿ ನಾಟಕ ಎಂದಿದ್ದು ಇದನ್ನೇ. ಆಕೆ ಬೆಳ್ಳಿಯ ಕಡೆ ನೋಡಲಿಲ್ಲ.

ಮೊದಲು ಉಚ್ಚೆ ತಪಾಸಣೆಯಾಯಿತು. ಅದರಲ್ಲಿ ಸೋಂಕು ಇತ್ತು, ಗುಳಿಗೆ ಕೊಟ್ಟರು. ನಾತ ಹೋಯಿತು, ಸೋರುವುದು ನಿಲ್ಲಲಿಲ್ಲ. ಗುಳಿಗೆ ಖೊಟ್ಟಿ ಇರಬೇಕೆಂದು ಕಸ್ತೂರಿ ಒಂದನ್ನು ಮುರಿದು ನಾಲಿಗೆಗೆ ಹಚ್ಚಿಕೊಂಡು ನೋಡಿದಳು. ಕಹಿ ಇತ್ತು, ಅಸಲಿ ಇರಬಹುದೆಂದುಕೊಂಡಳು. ಆಮೇಲೆ ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಒಂದು ನಳಿಗೆ ಉಬ್ಬಿದ್ದು ಕಂಡಿತು. ಬೀದರಿನ ದೊಡ್ಡ ಪಶು ದವಾಖಾನೆಗೆ ಹೋಗಬೇಕು, ಅಲ್ಲಿ ನರಕ್ಕೆ ಔಷಧ ಕೊಟ್ಟು ಎಕ್ಸ್‌ರೇ ತೆಗೆದರೆ ನಳಿಗೆ ಎಲ್ಲಿ ಕೂಡಿದೆಯೆಂದು ತಿಳಿಯುತ್ತದೆ, ಆಮೇಲೆ ಆಪರೇಷನ್ ಎಂದಳು ಉಮಾಶ್ರೀ.

“ಆಪರೇಷನ್ ಮಾಡಿದ್ರ ಪೂರಾ ಒಣಗ್ತಾಳೇನ್ರಿ?” ಕಸ್ತೂರಿ ಕಣ್ಣು ಕಿರಿದು ಮಾಡಿ ಕೇಳಿದಳು.

“ಗ್ಯಾರಂಟಿ ಕೊಡಂಗಿಲ್ಲಮ್ಮ. ಎಷ್ಟೋ ನಾಯಿ ಪೂರಾ ಆರಾಮ ಆಗ್ತಾವ. ಕೆಲವಕ್ಕ ಆಮ್ಯಾಲೂ ಮಲಗಿದಾಗ ಒಂದೀಟು ಹನೀತದ, ಅದಕ್ಕ ಗುಳಿಗಿ ಬ್ಯಾರೆ ಅವ. ಸುಮ್ಮನ ಬಿಟ್ರ ಕಿಡ್ನಿ ಕೆಡ್ತದ, ಅದಂತೂ ಖರೆ.”

ಹೊರಗೆ ಬಂದ ಮೇಲೆ ಈಶಪ್ಪ ಅಂಜುತ್ತ ಸೊಸೆಯ ಮುಖ ನೋಡಿದ. “ಏನಂತೀಯವ್ವಾ?”

“ಗ್ಯಾರಂಟಿ ಅಂದಿದ್ರ ಮನಿಗೆ ಹೋಗ್ತಿದ್ದೆ” ಎಂದಳು ಕಸ್ತೂರಿ. “ಈ ಹುಡುಗಿ ಸುಳ್ಳು ಹೇಳಲಿಲ್ಲ. ನಡೀರಿ, ಬೀದರಿಗಿ ಹೋಗೂಣು.”

ಬೀದರಿನ ಎಕ್ಸ್‌ರೇಯಲ್ಲಿ ಎಡಗಡೆಯ ನಳಿಗೆ ಬಿಳಿ ದಾರದಂತೆ ಇಳಿದು, ಚೀಲವನ್ನು ದಾಟಿ ಕೆಳಗೆ ಹೋಗಿದ್ದು ಕಸ್ತೂರಿಯ ಕಣ್ಣಿಗೂ ಕಂಡಿತು. ಅದನ್ನು ಬಿಡಿಸಿ ಚೀಲಕ್ಕೆ ಜೋಡಿಸಿ ಹೊಲಿದರು. ನಾಯಿಯನ್ನು ಹೊರಗೆ ತಂದಾಗ ಆಕೆ ಮೊದಲು ನೋಡಿದ್ದು ಹೊಟ್ಟೆಯ ಮೇಲಿನ ಹೊಲಿಗೆಯನ್ನು. ಬಹಳ ಹೊತ್ತು ಬಗ್ಗಿ ನೋಡಿ, “ಹತ್ತಿರ ಹತ್ತಿರ ಹಾಕ್ಯಾರ, ಚಲೋ ಅದ” ಎಂದಳು.

ಮನೆಗೆ ಬಂದ ಮೇಲೆ ದಿನವೂ ಬೆಳಿಗ್ಗೆ ಬೆಳ್ಳಿ ಮಲಗಿದ ಜಾಗಕ್ಕೆ ಅಂಗೈ ಒತ್ತಿ ನೋಡುವುದು ಕಸ್ತೂರಿಯ ಕೆಲಸವಾಯಿತು. ಶುರುವಿನಲ್ಲಿ ಅಷ್ಟಿಷ್ಟು ತಂಪು ತಗುಲುತ್ತಿತ್ತು. ಆಮೇಲೆ ಒಣಗಿತು. ಒಣಗಿದ್ದನ್ನೂ ನಂಬದೆ ಕೈ ಮೂಸಿ ನೋಡುತ್ತಿದ್ದಳು. ತೊಡೆಸಂದಿಯಲ್ಲಿ ಹೊಸ ಕೂದಲು ಬಂತು. ನುಜ್ಹತಳ ಮೊಮ್ಮಗುವಿಗೆ ಬೇರೆ ಕೌದಿ ಹೊಲಿದುಕೊಟ್ಟಳು, ಹೋಳಿಗೆಯ ಚೂರು ಇಟ್ಟೇ. ಹೊರಸಿನ ಮೇಲೆ ಹಾಸದೆ, ಪೆಟ್ಟಿಗೆಯ ಕೆಳಗಿಟ್ಟು ಸುಕ್ಕು ತೆಗೆದು.

ಚಳಿ ಬಿತ್ತು. ಒಂದು ಮುಂಜಾನೆ ಕಸ್ತೂರಿ ಕಸ ಹೊಡೆಯುತ್ತ ಪಡಸಾಲೆಗೆ ಬಂದರೆ, ಈಶಪ್ಪ ಆಗಲೇ ಎದ್ದು ಹೊರಸಿನ ಅಂಚಿಗೆ ಕೂತಿದ್ದ. ಯಾವತ್ತೂ ಹಾಸಿಗೆ ಮಡಿಸದ ಮುದುಕ ಕೌದಿಯನ್ನು ಬಿಗಿಯಾಗಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಧೋತರ ಬೇರೆಯದಿತ್ತು.

“ಬೆಳ್ಳಿ ಮತ್ತ ಶುರು ಮಾಡ್ಯಾಳ ನೋಡವ್ವ” ಎಂದ, ಗೋಡೆ ನೋಡುತ್ತ.

ಕಸ್ತೂರಿ ಕೌದಿಯನ್ನು ತೆಗೆದುಕೊಂಡು ಬಿಡಿಸಿದಳು. ಒದ್ದೆ ರೊಟ್ಟಿಯಷ್ಟಗಲ ಇರಲಿಲ್ಲ, ಕೌದಿಯ ಅರ್ಧಕ್ಕೆ ಹರಡಿತ್ತು. ಮತ್ತೆ, ಚಳಿಗೆಂದು ಬೆಳ್ಳಿ ರಾತ್ರಿಯೆಲ್ಲ ಒಳಕೋಣೆಯಲ್ಲಿ ಆಕೆಯ ಕಾಲ ಹತ್ತಿರವೇ ಮಲಗಿತ್ತು. ಆ ಕೋಣೆಯ ಬಾಗಿಲ ಅಗಳಿಯನ್ನು ಈಗಷ್ಟೇ ಆಕೆಯೇ ತೆಗೆದಿದ್ದಳು. ಈಶಪ್ಪನ ಕಣ್ಣು ಗೋಡೆಯಿಂದ ಸರಿದು ಹಿತ್ತಲ ಬಾಗಿಲಿನ ಕಡೆಗೆ, ತಗಡಿನ ಶೆಡ್ಡಿನ ಕಡೆಗೆ ಹೋಯಿತು.

ಬೆಳ್ಳಿ ಬಂದು ಇಬ್ಬರ ನಡುವೆ ಬಾಲ ಆಡಿಸುತ್ತ ನಿಂತಿತು. ಬಾಲ ಒಣಗಿತ್ತು.

“ಡಾಕ್ಟರಮ್ಮ ಹೇಳಿದ್ರಲ್ರಿ ಮಾವಾರ, ಕೆಲವಕ್ಕ ಆಗಾಗ ಹನೀತದ ಅಂತ” ಎಂದಳು ಕಸ್ತೂರಿ. “ಇರ್ಲಿ. ಇನ್ನ ಮ್ಯಾಲ ಹೊರಸಿನ ಮ್ಯಾಲ ದಿನಾ ಒಂದು ಹಳೀ ಧೋತರ ಹಾಸ್ತೀನಿ. ನಾಯಿ ಸಲುವಾಗಿ.”

ಕೌದಿಯನ್ನು ಬಚ್ಚಲಿಗೆ ಹಾಕಿ ಬಂದು, ಚೊಂಬಿನ ತುಂಬ ನೀರು ತಂದು ಮಾವನ ಕೈಗೆ ಕೊಟ್ಟಳು. ಆತ ಅದನ್ನು ತುಟಿಗೆ ತಾರದೆ ಹೊರಸಿನ ಕೆಳಗಿಡಲು ಬಗ್ಗಿದ.

“ಕುಡೀರಿ” ಎಂದಳು. ಆತ ಕೊನೆಯ ಗುಟುಕು ಮುಗಿಸುವವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೆ ಚೊಂಬನ್ನು ಬೋರಲು ಮಾಡಿ, ಖಾಲಿಯಾಗಿದೆಯೋ ಇಲ್ಲವೋ ನೋಡಿದಳು.