ಅವ್ವನ ಮೆಣಸಿನಗಿಡದ ಪಾತಿ

ನಮ್ಮ ಬೀದರಿನ ಮನೆಯಲ್ಲಿ ಪ್ರತಿ ಕೆಲಸಕ್ಕೂ ಹೊತ್ತಿತ್ತು, ಪ್ರತಿ ವಸ್ತುವಿಗೂ ಜಾಗವಿತ್ತು. ಅದು ಅವ್ವ ಹಾಕಿದ ಶಿಸ್ತು. ಹಿತ್ತಲಲ್ಲಿ ಅವಳ ಮೆಣಸಿನಗಿಡದ ಪಾತಿ. ಬೀಜ ಅವಳ ತವರು ಭಾತಂಬ್ರಾದ್ದು. ತಾಲೂಕು ಕಚೇರಿಯ ಗುಮಾಸ್ತರಾದ ಅಪ್ಪ ಅತ್ತ ಹೊರಟರೆ ಬಾಗಿಲಲ್ಲೇ ತಡೆಯುತ್ತಿದ್ದಳು: “ತಂಬಾಕಿನ ಕೈ ಇಲ್ಲಿ ಬ್ಯಾಡ್ರಿ. ಹೋಗಿ ನಿಮ್ಮ ಉರ್ದು ಕಾಗದ ಮುಟ್ರಿ.” ಅದು ಅವಳ ಅತಿ ಅಚ್ಚುಕಟ್ಟೆಂದು ಅಪ್ಪ ಮಗಳಿಬ್ಬರೂ ನಗುತ್ತಿದ್ದೆವು.

ಅವಳು ತೀರಿಕೊಂಡ ಮಳೆಗಾಲದಲ್ಲಿ ಅಪ್ಪ ಉಳಿದ ಬೀಜವನ್ನೆಲ್ಲ ಬಿತ್ತಿದರು. ಕಾಯಿ ಹಿಡಿಯದಿದ್ದರೆ ಅವ್ವನ ಬೀಜ ಅಲ್ಲಿಗೆ ಮುಗಿದಂತೆ. ದಿನವೂ ಲಿಂಗಪೂಜೆ ಮುಗಿಸಿ, ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಬಾಯಿಗಿಟ್ಟುಕೊಂಡು ಪಾತಿಗೆ ಬರುತ್ತಿದ್ದರು. ಮೊದಲು ಒಂದು ಗಿಡದ ಎಲೆ ಮುದುಡಿ, ಮೈತುಂಬ ಹಳದಿ ಮಚ್ಚೆ ಬಂತು. ಅಪ್ಪ ಹುಳು ಹುಡುಕಿ ಎಲೆಯೆಲೆ ಮಗುಚಿದರು. ಕಾಣಲಿಲ್ಲ. ಬೂದಿ ಎರಚಿದರು, ಬೇವಿನ ನೀರು ಚಿಮುಕಿಸಿದರು, ಪಕ್ಕದ ಗಿಡಗಳನ್ನೂ ಮಗುಚಿ ನೋಡಿದರು. ಅವೂ ಮುದುಡಿದವು. ಎಲ್ಲ ಗೇಣುದ್ದಕ್ಕೇ ನಿಂತುಬಿಟ್ಟವು.

ಗೋಡೆಯಾಚೆಯ ಮುದುಕಿ ಇಣುಕಿ, “ಏನ್ ಅಣ್ಣಾ, ಎಲಿ ನಾಡಿ ನೋಡ್ಲಿಕತ್ತೀರಿ? ಹಕೀಮ ಆದ್ರೇನ್ರಿ?” ಎಂದಳು. ಅಪ್ಪ ನಗಲಿಲ್ಲ.

ಅಪ್ಪ ಬೀಜದ ಗಂಟು ಬಿಚ್ಚುವಾಗ ಚೆಲ್ಲಿದ್ದ ಕಾಳುಗಳನ್ನು ನಾನು ಬಚ್ಚಲ ಹಿಂದೆ ಬಿತ್ತಿದ್ದೆ. ಅಲ್ಲಿ ಎರಡು ಗಿಡ ಸೊಂಟದೆತ್ತರ ಬೆಳೆದಿದ್ದವು. ಅಪ್ಪನನ್ನು ಕರೆದು ತೋರಿಸಿದೆ.

“ಅದೇ ಬೀಜ, ಅದೇ ಮಣ್ಣು. ಇವಕ್ಕ್ಯಾಕ ಏನೂ ಆಗಿಲ್ಲವ್ವಾ?” ಎಂದು ಅಪ್ಪ ಕೇಳಿದರು.

“ಇಲ್ಲಿ ನೀವು ಬಂದಿಲ್ರಿ, ಅಪ್ಪಾ. ಅವ್ವ ಏನಂತಿದ್ಳು, ನೆನಪದ ಏನ್ರಿ?”

ಎಲೆಯತ್ತ ಚಾಚಿದ್ದ ಕೈಯನ್ನು ಅವರು ಹಿಂದಕ್ಕೆಳೆದುಕೊಂಡರು. ಅಂಗೈ ಮೂಸಿದರು. “ಹಾಂಗಾದ್ರ ರೋಗ ನನ್ನ ಕೈಯಾಗೇ ಇತ್ತು” ಎಂದರು.

ಮುದುಡಿದ ಗಿಡಗಳನ್ನು ನಾನೇ ಕಿತ್ತು ಸುಟ್ಟೆ. ಅಪ್ಪ ತಂಬಾಕು ಬಿಡುತ್ತೇನೆಂದರು, ಬಿಡಲಾಗಲಿಲ್ಲ. ಮುಂದಿನ ವರ್ಷ ಆ ಎರಡು ಗಿಡದ ಬೀಜ ಪಾತಿಯಲ್ಲಿ ಚೆನ್ನಾಗಿ ಬೆಳೆಯಿತು. ಅಪ್ಪ ಮೆಟ್ಟಿಲ ಮೇಲೆ ಕೂತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು, “ಆ ಎಲಿ ಹೊಳ್ಳಿಸಿ ನೋಡವ್ವಾ” ಎಂದು ದೂರದಿಂದಲೇ ಹೇಳುತ್ತಿದ್ದರು.

ಆಮೇಲೆ ನನ್ನನ್ನು ಠಾಣಾ ಕುಶನೂರಿಗೆ ಕೊಟ್ಟರು. ಹೊರಡುವಾಗ ಬೀಜದ ಗಂಟನ್ನು ಅಪ್ಪ ಕೈಯಾರೆ ಕೊಡಲಿಲ್ಲ. ಗೋಡೆಯ ಗೂಡಿನಲ್ಲಿದೆ, ತೆಗೆದುಕೋ ಎಂದರು. ಅರ್ಧ ಇಲ್ಲೇ ಇಡಲೇ ಎಂದು ಕೇಳಿದೆ.

“ಇಟ್ಟರ ಯಾರು ಬಿತ್ತಬೇಕವ್ವಾ?”

ಪಂಚಮಿಗೆ ತವರಿಗೆ ಹೋದಾಗ ಪಾತಿಯಲ್ಲಿ ಹುಲ್ಲು ಬೆಳೆದಿತ್ತು.