ಹಿತ್ತಾಳೆ ಮೆತ್ತಗಾದ ಮಧ್ಯಾಹ್ನ

ಲಾರೆನ್ಸ್‌ವಿಲ್‌ನಲ್ಲಿ ಏಪ್ರಿಲ್ ಹತ್ತಿರವಾದರೆ ಪೈನ್ ಮರಗಳ ಹಳದಿ ಪರಾಗ ಕಾರು, ಮೆಟ್ಟಿಲು, ಅಂಚೆ ಡಬ್ಬಿ, ಎಲ್ಲದರ ಮೇಲೂ ಬಂದು ಕೂರುತ್ತದೆ. ಕೋವಿಡ್‌ನ ಎರಡನೆಯ ವಸಂತದಲ್ಲಿ ನಾವು ಗರಾಜಿನ ಬಾಗಿಲನ್ನು ಅರ್ಧ ಎತ್ತಿ, ಆ ಹಳದಿ ಬೆಳಕಿನಲ್ಲಿ ಶನಿವಾರದ ಮಧ್ಯಾಹ್ನಗಳನ್ನು ಕಳೆಯುತ್ತಿದ್ದೆವು. ಅಂಗಡಿಗಳಲ್ಲಿ ಬಂದೂಕಿನ ತೋಟಾ ಸಿಗುತ್ತಿರಲಿಲ್ಲ. ಗುರಿ ಅಭ್ಯಾಸದ ಹುಚ್ಚಿದ್ದ ನನ್ನ ಗಂಡ, ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೊಳವೆಗಳನ್ನು, ಅಂದರೆ ಕೇಸುಗಳನ್ನು, ಆಯ್ದು ತಂದು ಮನೆಯಲ್ಲೇ ಅವಕ್ಕೆ ಮತ್ತೆ ಮದ್ದುಗುಂಡು ತುಂಬಿಸುತ್ತಿದ್ದರು.

ಕೇಸುಗಳನ್ನು ಅಚ್ಚಿಗೆ ಒತ್ತುವ ಪ್ರೆಸ್ಸಿನ ಹಿಡಿ ಒತ್ತುವುದು ನನ್ನ ಕೆಲಸ. ಗುಂಡು ಹಾರಿದಾಗ ಕೇಸು ಉಬ್ಬಿರುತ್ತದೆ. ಉಕ್ಕಿನ ಅಚ್ಚಿನೊಳಗೆ ಒತ್ತಿದರೆ ಮೊದಲಿನ ಅಳತೆಗೆ ಬರುತ್ತದೆ. ಹೀಗೆ ಉಬ್ಬಿ, ಒತ್ತಿಸಿಕೊಂಡು, ಮತ್ತೆ ಉಬ್ಬಿ, ಹಿತ್ತಾಳೆ ಗಡುಸಾಗುತ್ತ ಹೋಗುತ್ತದೆ. ಕೊನೆಗೆ ಕೇಸಿನ ಬಾಯಿ ಸೀಳಿಕೊಳ್ಳುತ್ತದೆ. ಅದಕ್ಕೇ ಅವರು ಆಗಾಗ ಬಾಯಿಗೆ ಮಾತ್ರ ಕ್ಷಣಕಾಲ ಬೆಂಕಿ ತೋರಿಸಿ ಮೆತ್ತಗೆ ಮಾಡುತ್ತಿದ್ದರು. ಬುಡಕ್ಕೆ ಶಾಖ ತಾಗಕೂಡದು. ಒಳಗಿನ ಸ್ಫೋಟವನ್ನು ತಡೆಯುವುದು ಬುಡದ ಗಡಸುತನವೇ. ಅದು ಹೋದರೆ ಸ್ಫೋಟ ಹಿಂದಕ್ಕೆ, ಬಂದೂಕಿಗೆ ಕೆನ್ನೆಯೂರಿದವರ ಮುಖಕ್ಕೆ ನುಗ್ಗಬಹುದು.

ಹಿಂದಿನ ವರ್ಷ ಬಂದಿದ್ದ ಅತ್ತೆ, ವಿಮಾನಗಳು ನಿಂತು ನಮ್ಮಲ್ಲೇ ಉಳಿದಿದ್ದರು. ಮನೆಯಲ್ಲಿ ಬಂದೂಕಿರುವುದು ಅವರಿಗೆ ಹಿಡಿಸಿರಲಿಲ್ಲ. ಗರಾಜಿಗೆ ಕಾಲಿಡುತ್ತಿರಲಿಲ್ಲ. ಆದರೆ ಒಂದು ಶನಿವಾರ, ಬಟ್ಟೆ ಒಗೆಯುವ ಕೋಣೆಯಲ್ಲಿ ಬಿಟ್ಟಿದ್ದ ಕಪ್ಪು ಹಿಡಿದ ಕೇಸುಗಳೆಲ್ಲ ಸ್ಟೀಲ್ ಡಬರಿಯೊಂದರಲ್ಲಿ ಹಬ್ಬದ ದೀಪಗಳ ಹಾಗೆ ಹೊಳೆಯುತ್ತಿದ್ದವು.

"ಅಮ್ಮ ಹುಣಸೆಹಣ್ಣಲ್ಲಿ ತಿಕ್ಕಿದ್ದಾಳೆ ಕಣೇ," ಎಂದು ಗಂಡ ಮಗುವಿನ ಹಾಗೆ ನಕ್ಕರು. "ಗನ್ ಅಂದ್ರೆ ಮುಖ ತಿರುಗಿಸ್ತಿದ್ದೋಳು! ನಾಳೆ ಶೂಟಿಂಗ್ ರೇಂಜಿಗೆ ಹೋಗ್ತೀನಿ, ಇವತ್ತೇ ಲೋಡ್ ಮಾಡಿಬಿಡೋಣ."

ಮೊದಲ ಕೇಸನ್ನು ಇಟ್ಟು ಒತ್ತಿದೆ. ಹಿಡಿ ನೀರಿನೊಳಗೆ ಇಳಿದಂತೆ ಇಳಿಯಿತು. ಇನ್ನೊಂದು. ಅದೂ ಹಾಗೆಯೇ. ಹೊರಗೆ ಪರಾಗ ಮೆಲ್ಲಗೆ ತೇಲುತ್ತಿತ್ತು; ನಾನು ನಿದ್ದೆಯಲ್ಲಿ ಒತ್ತುತ್ತಿದ್ದೇನೋ ಅನ್ನಿಸಿತು.

"ತುಂಬಾ ಹಗುರ ಹೋಗ್ತಿದೆ," ಅಂದೆ.

"ಮೊನ್ನೆ ಟೈಟು, ಇವತ್ತು ಲೂಸು. ಕಂಪ್ಲೇಂಟ್ ಮಾಡೋಕೂ ಒಂದು ಲಿಮಿಟ್ ಬೇಡ್ವಾ ಮೇಡಂ?"

"ನೀವೇ ಒತ್ತಿ ನೋಡಿ."

ಅವರು ಒತ್ತಿದರು. ನಗು ನಿಂತಿತು. ಇಕ್ಕಳ ಹುಡುಕಿ ತಂದು ಕೇಸಿನ ಬುಡವನ್ನು ಅಮುಕಿದರು. ಗಟ್ಟಿಯಾಗಿ ಎದುರಿಸಬೇಕಿದ್ದ ಹಿತ್ತಾಳೆ ಒಳಕ್ಕೆ ತಗ್ಗಿ, ಹಾಗೆಯೇ ಉಳಿಯಿತು.

ಅತ್ತೆ ಒಳಗಿನ ಬಾಗಿಲಲ್ಲಿ ನಿಂತಿದ್ದರು.

"ಅಮ್ಮ, ಇದನ್ನ ಬಿಸಿ ಮಾಡಿದ್ಯಾ?"

"ಜಿಡ್ಡು ಹಿಡಿದ ದೀಪಾನ ಮೊದಲು ಸುಡಲ್ವೇನೋ? ಕಬ್ಬಿಣದ ಬಾಣಲೇಲಿ ಹಾಕಿ ಜೋರು ಉರೀಲಿ ಕಾಯಿಸ್ದೆ. ಒಳ್ಳೇ ನೀಲಿಗೆ ತಿರುಗ್ತು. ಆಮೇಲೆ ಉಜ್ಜಿದ್ರೆ ಚಿನ್ನ! ಯಾಕೋ?"

ಗಂಡ ಏನಿಲ್ಲ ಎಂದುಬಿಡಬಹುದಿತ್ತು. ಹಾಗೆಂದರೆ ಮುಂದಿನ ಕಂತೂ ಬಾಣಲೆಗೇ ಬೀಳುತ್ತಿತ್ತು. ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ.

"ಬುಡ ಮೆತ್ತಗಾಗಿದೆ ಅಮ್ಮ. ನಾಳೆ ಹಾರಿಸಿದ್ರೆ ಒಡೆದು ಕಣ್ಣಿಗೇ ಬರ್ತಿತ್ತೇನೋ."

ಅತ್ತೆ ಅಳಲಿಲ್ಲ. ಡಬರಿಯತ್ತ ನೋಡಿದರು. "ಎಲ್ಲಾನೂ?"

"ಎಲ್ಲಾನೂ. ಬೇರೇದರ ಜೊತೆ ಸೇರಿ ಹೋಗಬಾರದು. ಚಪ್ಪಟೆ ಮಾಡಿ ಎಸೀತೀನಿ."

"ಸುತ್ತಿಗೆ ಇಲ್ಲಿ ಕೊಡು."

ಮೊದಲ ಸಲ ಗರಾಜಿಗೆ ಇಳಿದು, ಸೆರಗು ಸಿಕ್ಕಿಸಿ, ಕಾಂಕ್ರೀಟಿನ ಮೇಲೆ ಕುಳಿತರು. ತಾವೇ ಬೆಳಗಿದ್ದ ಹಿತ್ತಾಳೆಯನ್ನು ಒಂದೊಂದಾಗಿ ಬಡಿಯತೊಡಗಿದರು. ಮೊದಲ ಏಟಿಗೆ ಮಂದ ಸದ್ದು. ಏಟು ಬಿದ್ದಂತೆ ಸದ್ದು ಬಿಗಿಯಾಗುತ್ತಿತ್ತು.

"ಹೊಡೆದ ಹಾಗೆಲ್ಲ ಗಟ್ಟಿಯಾಗ್ತಿದ್ಯಲ್ಲೋ ಇದು."

"ಹೂಂ, ಅದು ಹಾಗೇ."

"ಮತ್ತೆ ಯಾರಾದ್ರೂ ನೆಟ್ಟಗೆ ಮಾಡಿ ಉಪಯೋಗಿಸಿದ್ರೆ?"

"ಆಗಲ್ಲ ಅಮ್ಮ. ಸಾಕು ಬಿಡು."

ಅವರು ಬಿಡಲಿಲ್ಲ. ಡಬರಿ ಬರಿದಾಯಿತೆಂದು ನಾನು ಬಗ್ಗಿಸಿ ತೋರಿಸಿದೆ. ಆದರೂ ಒಳಗೆ ಕೈ ಹಾಕಿ, ತಳವನ್ನೆಲ್ಲ ನಿಧಾನವಾಗಿ ತಡವಿ ನೋಡಿದರು.