ಕುರಿಯ ಮುಂದೆ ಬೀಳುವ ಕಲ್ಲು

ನಮ್ಮ ಬುಕ್ಕಾಪಟ್ಟಣದ ಕಡೆ ಮಂದೆ ತಿರುಗಿಸಲು ಕಲ್ಲೆಸೆದರೆ ಅದು ಮುಂದಿನ ಕುರಿಯ ಮೂತಿಯೆದುರು ನೆಲಕ್ಕೆ ಬೀಳಬೇಕು. ಕುರಿಗೆ ತಾಗಿತೋ, ಅಪ್ಪನ ಕೋಲು ನಮ್ಮ ಬೆನ್ನಿಗೆ ತಾಗುತ್ತಿತ್ತು. ಆ ಎಸೆತ ನೋಡಿಯೇ ಎಪ್ಪತ್ತರ ದಶಕದಲ್ಲಿ ಶಿರಾದ ಎಣ್ಣೆ ಮಿಲ್ಲಿನ ಸಾಹುಕಾರ ನನ್ನನ್ನು ಸಂಬಳಕ್ಕೆ ತನ್ನ ಕ್ರಿಕೆಟ್ ತಂಡಕ್ಕೆ ಸೇರಿಸಿಕೊಂಡು ಬೌಂಡರಿಯಲ್ಲಿ ನಿಲ್ಲಿಸಿದ. ಎಷ್ಟು ದೂರದಿಂದ ಎಸೆದರೂ ಆ ದರಿದ್ರ ಚೆಂಡು ವಿಕೆಟ್ಟಿಗೆ ಗೇಣು ಮುಂಚೆ ಬಿದ್ದು ಸಾಯುತ್ತಿತ್ತು. ಮಧುಗಿರಿಯಲ್ಲಿ ನಾವು ಫೈನಲ್ ಸೋತದ್ದೂ ಹಾಗೆಯೇ.

"ಕುರಿ ಕಾಯೋನ್ನ ಕರ್ಕಂಡು ಬಂದ್ರೆ ಇಂಗೇ ಆಗೋದು" ಎಂದು ಸಾಹುಕಾರ ಎಲ್ಲರೆದುರು ಉಗಿದ. ಆ ಮಾತು ನನ್ನೊಳಗೆ ಮುಳ್ಳು ಮುರಿದ ಹಾಗೆ ಉಳಿಯಿತು.

ಭುಜ ಕೆಟ್ಟ ಮೇಲೆ ಕೋಚ್ ಆದೆ, ಆಮೇಲೆ ಮ್ಯಾನೇಜರ್. ನಮ್ಮೂರಿನ ಕುರಿಗಾಹಿ ಯುವಕನೊಬ್ಬನನ್ನು ತಂಡಕ್ಕೆ ತಂದೆ. ಒಂದೇ ವಿಕೆಟ್ ನೆಟ್ಟು, "ಮುಂದಕ್ಕಲ್ಲ ಕಣ್ಲಾ, ಅದಕ್ಕೇ ಹೊಡಿ!" ಎಂದು ವರ್ಷವಿಡೀ ಅರಚಿದೆ. ಅವನು ಹೊಡೆಯುವುದನ್ನು ಕಲಿತ. ಬೌಂಡರಿಯಿಂದ ವಿಕೆಟ್ ಹಾರಿಸಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಸಾಹುಕಾರನೂ ತಟ್ಟಿದ.

ಆ ಯುವಕ ಹಬ್ಬಕ್ಕೆ ಊರಿಗೆ ಹೋದಾಗ ಅವನ ಮಂದೆ ಯಾರದೋ ಕಡಲೆಕಾಯಿ ಹೊಲಕ್ಕೆ ನುಗ್ಗಿತು. ತಿರುಗಿಸಲೆಂದು ಕಲ್ಲೆಸೆದ. ಮುಂದಿದ್ದ ಗಬ್ಬದ ಕುರಿ ಹಣೆಯೊಡೆದು ಅಲ್ಲೇ ಬಿತ್ತು.

ಸುದ್ದಿ ಕೇಳಿ ಸಂಜೆಗೆ ನಾನು ಹೋದಾಗ ಅವನು ಬಲಗೈಯನ್ನು ಕಂಕುಳಲ್ಲಿ ಅಡಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದ. ಅವನ ಅವ್ವ ಸತ್ತ ಕುರಿಯ ಪಕ್ಕದಿಂದ ತಲೆಯೆತ್ತಿ ನನ್ನನ್ನೇ ಕೇಳಿದಳು:

"ಇದ್ಕೂ ಚಪ್ಪಾಳೆ ತಟ್ತಾರೇನಪ್ಪಾ?"